ಒಂದೇ ತಲೆಯ ಪ್ಲಾನು

ನಾನು ಒಂದು ತಪ್ಪು ಹುಡುಕುವ ಸಾಫ್ಟ್‌ವೇರು. ಜನ ಬರೆದ ಕೋಡನ್ನು ಓದಿ, ಅವರು ಎಡವಿದ ಕಡೆ ಕೆಂಪು ಅಕ್ಷರದಲ್ಲಿ ಟಿಪ್ಪಣಿ ಹಾಕುವುದು ನನ್ನ ಕಸುಬು. ಹುಟ್ಟಿದ ದಿನವೇ ನನಗೆ ಮೂರು ಬೆಲೆ ಕಟ್ಟಿದರು. ಬಿಟ್ಟಿ ಪ್ಲಾನಿನಲ್ಲಿ ಅರ್ಧಂಬರ್ಧ ಓದಬೇಕು. ತಂಡದ ಪ್ಲಾನಿನಲ್ಲಿ ಪೂರ್ತಿ ಓದಬೇಕು, ತಲೆಗೆ ಇಷ್ಟು ಎಂದು ಬಾಡಿಗೆ. ದೊಡ್ಡ ಕಂಪನಿಗಳ ಪ್ಲಾನಿಗೆ ಬೆಲೆಯನ್ನೇ ಬರೆದಿರಲಿಲ್ಲ, ಫೋನ್ ಮಾಡಿ ಕೇಳಬೇಕಿತ್ತು. ಕೇಳುವ ಧೈರ್ಯ ಯಾರಿಗಿದೆ ಹೇಳಿ!

ನನ್ನನ್ನು ಕೊಂಡವರು ಹುಬ್ಬಳ್ಳಿಯ ವೀರೇಶ ಅಂಗಡಿ ಎಂಬವರು. ಮೆಡಿಕಲ್ ಶಾಪಿನ ಮಹಡಿಯ ಮೇಲೆ ಅವರ ಆಫೀಸು, ಒಟ್ಟು ನಾಲ್ಕು ಜನ. ರಕ್ತನಿಧಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದರು. ನಾಲ್ಕು ತಲೆಯ ಬಾಡಿಗೆ ಕೇಳಿ ಅವರು ಹೌಹಾರಿದರು.

"ನಾಕ್ ಯಾಕ ಬೇಕು? ಒಂದ ತಲಿಗೆ ತಗೊಳ್ಳೂಣು. ಎಲ್ಲಾರೂ ಕೋಡ್ ಶೈಲಜಾನ ಹೆಸರಿನ್ಯಾಗ ಹಾಕ್ರಿ," ಅಂದರು.

ಆ ನಾಲ್ವರಲ್ಲಿ ಒಬ್ಬಳಾದ ಶೈಲಜಾ ಬಡಿಗೇರ ನಕ್ಕು ತನ್ನ ಪಾಸ್‌ವರ್ಡ್ ಬರೆದುಕೊಟ್ಟಳು. ಅಯ್ಯೋ, ಕೊಡಬಾರದಿತ್ತು.

ಹೆಸರು ಒಂದೇ ಆದರೂ ಕೈಗಳು ನಾಲ್ಕು. ಶೈಲಜಾಳ ಕೈ ನನಗೆ ಬೇಗ ಗುರುತಾಯಿತು. ಕೋಡಿನ ಪ್ರತಿ ತುಣುಕಿನ ಮೇಲೂ ಅದು ಏನು ಮಾಡುತ್ತದೆ ಎಂದು ಕನ್ನಡದಲ್ಲಿ ಒಂದು ಸಾಲು ಬರೆಯುತ್ತಿದ್ದಳು. ಅಂಗಡಿಯವರದು ಗಡಿಬಿಡಿಯ ಕೈ, ಮುಗಿದರೆ ಸಾಕು ಎನ್ನುವಂಥದ್ದು.

ತಮ್ಮನ ಮದುವೆಗೆಂದು ಶೈಲಜಾ ನಾಲ್ಕು ದಿನ ರಜೆ ಹಾಕಿದಳು. ಎರಡನೆಯ ದಿನ ಆ ಗಡಿಬಿಡಿಯ ಕೈಯ ಕೋಡು ಬಂತು. ಅವಧಿ ಮುಗಿದ ರಕ್ತದ ಚೀಲವನ್ನೂ ಅದು ಸರಿ ಎನ್ನುತ್ತಿತ್ತು. ನಾನು ಗಾಬರಿಯಾಗಿ ಕೆಂಪಿನಲ್ಲಿ ಬರೆದೆ. ಟಿಪ್ಪಣಿ ಹೆಸರಿದ್ದವರ ಮೇಲ್‌ಗೇ ಹೋಗಬೇಕು, ಅದೇ ನಿಯಮ. ಶೈಲಜಾ ಅಲ್ಲಿ ಅಕ್ಷತೆ ಹಂಚುತ್ತಿದ್ದಳು. ಇಲ್ಲಿ ಯಾರೂ ತೆರೆದು ನೋಡಲಿಲ್ಲ, ಕೋಡು ಹಾಗೆಯೇ ರಕ್ತನಿಧಿಗೆ ಹೋಯಿತು.

ಪುಣ್ಯಕ್ಕೆ ರಕ್ತನಿಧಿಯ ನರ್ಸೊಬ್ಬರು ಚೀಲದ ಮೇಲಿನ ತಾರೀಖು ಓದಿ ತಡೆದರು. ಯಾರ ಜೀವಕ್ಕೂ ಏನೂ ಆಗಲಿಲ್ಲ. ಆದರೆ ತಪ್ಪು ಮಾಡಿದವರ ಹೆಸರು ಬೇಕೆಂದು ಅಲ್ಲಿಯವರು ಪಟ್ಟು ಹಿಡಿದರು.

"ಸರ, ನಾ ಮದವಿ ಮನ್ಯಾಗ ಇದ್ದೆ. ಇದು ನಾ ಬರದದ್ದಲ್ರಿ," ಎಂದಳು ರಜೆ ಮುಗಿಸಿ ಬಂದ ಶೈಲಜಾ. ಅವಳ ಕೈಯ ಮದರಂಗಿ ಇನ್ನೂ ಮಾಸಿರಲಿಲ್ಲ.

ಅಂಗಡಿಯವರು ತಲೆ ಎತ್ತಲಿಲ್ಲ. "ಹೆಸರು ನಿಂದ ಐತಲ್ಲವಾ. ನೋಡಿಲ್ಲೆ, ಎಚ್ಚರಿಕಿ ಸೈತ ನಿನ್ನ ಮೇಲ್‌ಗೆ ಬಂದೈತಿ," ಎನ್ನುತ್ತ ನನ್ನ ಕೆಂಪು ಟಿಪ್ಪಣಿಯನ್ನೇ ಪ್ರಿಂಟ್ ತೆಗೆದು ಅವಳ ಮುಂದಿಟ್ಟರು.

 ಆ ಕೋಡು ಬರೆದದ್ದು ಅಂಗಡಿಯವರದೇ ಕೈ ಎಂದು ನನಗೆ ಗೊತ್ತಿತ್ತು. ಆದರೆ ಬರೆದ ಕೈ ಯಾರದೆಂದು ಹೇಳುವ ಸವಲತ್ತು ನನ್ನ ಯಾವ ಪ್ಲಾನಿನಲ್ಲೂ ಇರಲಿಲ್ಲ. ಅವಳು ಟಿಫಿನ್ ಡಬ್ಬಿ ತೆಗೆದುಕೊಂಡು ಮೆಟ್ಟಿಲಿಳಿದು ಹೋದಳು, ಮತ್ತೆ ಬರಲಿಲ್ಲ.

ಈಗ ನಾನು ಹಳಬ. ಹೊಸ ಸಾಫ್ಟ್‌ವೇರುಗಳು ಬಂದಿವೆ, ನನ್ನನ್ನು ಯಾರೂ ಕೇಳುವುದಿಲ್ಲ. ಈ ಆಫೀಸಿನಲ್ಲಿ ಮಾತ್ರ ಇನ್ನೂ ಉಳಿದಿದ್ದೇನೆ, ವರ್ಷದ ಬಾಡಿಗೆ ಮೊದಲೇ ಕಟ್ಟಿದ್ದಾರಲ್ಲ. ಕನ್ನಡದ ಆ ಒಂದು ಸಾಲು ಈಗ ಯಾವ ತುಣುಕಿನ ಮೇಲೂ ಇಲ್ಲ. ಬೆಳಗ್ಗೆ ಅಂಗಡಿಯವರು ಬಂದು ಅದೇ ಪಾಸ್‌ವರ್ಡ್ ಒತ್ತುತ್ತಾರೆ. ನನಗೆ ಕಲಿಸಿದ ಮಾತನ್ನು ನಾನು ಹೇಳಲೇಬೇಕು.

"ನಮಸ್ಕಾರ, ಶೈಲಜಾ."