ಲಂಗರಿನ ಎಡಗಡೆ

ನಮ್ಮ ಕಣಿವೆಯ ಮೇಲ್ತುದಿಯ ಹಳೇ ಸ್ಕೀ ಲಿಫ್ಟಿಗೆ ಊರವರೆಲ್ಲ ಲಂಗರು ಅನ್ನುತ್ತೇವೆ. ಓಡುವ ಉಕ್ಕಿನ ಹಗ್ಗದಿಂದ ಕೋಲುಗಳು ಜೋತಾಡುತ್ತಿರುತ್ತವೆ, ಒಂದೊಂದರ ತುದಿಗೂ ಒಂದು ಅಡ್ಡಪಟ್ಟಿ, ನೋಡಲು ಹಡಗಿನ ಲಂಗರೇ. ಎಡಕ್ಕೊಬ್ಬರು ಬಲಕ್ಕೊಬ್ಬರು ನಿಂತರೆ ಪಟ್ಟಿ ಹಿಂದಿನಿಂದ ಒತ್ತಿ ಇಬ್ಬರನ್ನೂ ಹಿಮದ ಮೇಲೆ ಎಳೆದೊಯ್ಯುತ್ತದೆ. ಅದು ಇಬ್ಬರಿಗೆಂದೇ ಮಾಡಿದ ವಸ್ತು. ಕೆಳಗೆ ನಿಂತು ಬಂದವರ ಕೈಗೆ ಆ ಪಟ್ಟಿ ಕೊಡುವುದು ನನ್ನ ಕೆಲಸ. ತಲೆ ಕಪ್ಪಗಿದ್ದಾಗ ಶುರು ಮಾಡಿದ್ದು, ಈಗ ಅದೂ ಹಿಮದ ಬಣ್ಣಕ್ಕೆ ತಿರುಗಿದೆ.

ಮೇಲೆ ಲಂಗರು ಬಿಟ್ಟ ಜಾಗದಿಂದ ಸ್ಕೀ ಮೇಲೆ ಜಾರಿ ಇಳಿಯಲು ಮೂರು ಇಳಿಜಾರು, ಕಷ್ಟಕ್ಕೆ ತಕ್ಕ ಹಾಗೆ ಒಂದೊಂದಕ್ಕೆ ಒಂದು ಬಣ್ಣದ ಹೆಸರು. ಎಡಕ್ಕೆ ಕಪ್ಪು, ಗೋಡೆಯ ಹಾಗೆ ನೆಟ್ಟಗೆ ಇಳಿಯುತ್ತದೆ. ನಡುವೆ ಕೆಂಪು, ತಮ್ಮ ಬಗ್ಗೆ ತಮಗೇ ಅನುಮಾನ ಇರುವವರಿಗೆ. ಬಲಕ್ಕೆ ನೀಲಿ, ಎಲ್ಲಕ್ಕಿಂತ ಸುಲಭದ್ದು. ಬೇಸಿಗೆಯಲ್ಲಿ ಹಸುಗಳು ಹತ್ತುವ ದಾರಿ ಅದೇ ಆದ್ದರಿಂದ ನಮಗೆ ಅದು ಹಸುದಾರಿ. ಊರಿನವರು ಯಾರಾದರೂ ಹಸುದಾರಿಯಲ್ಲಿ ಕಂಡರೆ, ಸಂಜೆ ಬಾರಿನಲ್ಲಿ ಅವರ ಕೊರಳಿಗೆ ಹಸುವಿನ ಗಂಟೆ ಕಟ್ಟುವ ಮಾತು ಏಳುತ್ತದೆ.

ಕಾಸಿಯಾನ್ ಮತ್ತು ಬುರ್ಗಿ ಮದುವೆಯಾದಂದಿನಿಂದ ಕಪ್ಪು ದಾರಿ ಬಿಟ್ಟು ಬೇರೆಡೆ ಇಳಿದವರಲ್ಲ. ಅವನು ಮುಂದೆ, ಅವನ ಗೆರೆ ಹಿಡಿದು ಇವಳು ಹಿಂದೆ. ನಾವು ಮೂವರೂ ಒಂದೇ ಶಾಲೆಯವರು. ಕಾಸಿಯಾನ್ ಶರತ್ಕಾಲದಲ್ಲಿ ಸೌದೆ ಒಡೆಯುತ್ತಿದ್ದವನು ಹಾಗೇ ಕುಸಿದು ತೀರಿಹೋದ. ಕ್ರಿಸ್ಮಸ್ ಮುಗಿದು, ಜನವರಿಯ ಮೂರು ರಾಜರ ಹಬ್ಬವೂ ಕಳೆದು, ಪ್ರವಾಸಿಗರು ಜಾಗ ಖಾಲಿ ಮಾಡಿದ ಮೇಲೆ ಒಂದು ಬೆಳಿಗ್ಗೆ ಬುರ್ಗಿ ಒಬ್ಬಳೇ ಬಂದಳು. ಎಂದಿನ ಹಾಗೆ ಬಲಗಡೆ ನಿಂತಳು, ನಾನು ಪಟ್ಟಿ ಹಿಡಿದು ಕೊಟ್ಟೆ. ಮೊದಲ ಕಂಬ ದಾಟುವುದರೊಳಗೆ ಬಿದ್ದಳು.

ಎದ್ದು, ಹಿಮ ಕೊಡವಿಕೊಂಡು ಬಂದಳು. ಅಷ್ಟರಲ್ಲಿ ಕಾಸಿಯಾನ್‌ನ ತಂಗಿಯ ಮಗ ಸೆರಾಫಿನ್ ಅಲ್ಲಿಗೆ ಬಂದ. ಸ್ಕೀ ಕಲಿಸುವ ಹುಡುಗ, ಅವತ್ತು ಅವನಿಗೆ ಕಲಿಯುವವರು ಯಾರೂ ಇರಲಿಲ್ಲ.

"ಅತ್ತೆ, ನಾನು ಪಕ್ಕದಲ್ಲಿ ನಿಲ್ತೀನಿ ಬನ್ನಿ. ಕಪ್ಪು ದಾರಿ ಇವತ್ತು ಬೆಣ್ಣೆ ಥರ ಇದೆ. ಮಾವ ಇದ್ದಿದ್ರೆ ಹಾಡ್ಕೊಂಡು ಇಳೀತಿದ್ರು."

"ನಾಳೇನೂ ನಿಲ್ತೀಯೇನೋ? ನಾಡಿದ್ದು?"

ಹುಡುಗ ಕೈಗವಸು ನೋಡಿಕೊಂಡ.

"ಹೋಗು, ನಿನ್ನ ಕೆಲಸ ನೋಡ್ಕೋ," ಅಂದಳು ಬುರ್ಗಿ. ಅವನು ಹೋದ ಮೇಲೆ ನನ್ನ ಕಡೆ ತಿರುಗಿ, "ಇವತ್ತು ಒಬ್ಬಳೇ ಹತ್ತಿ ಇಳೀದೇ ಇದ್ರೆ ಮುಗೀತು, ವಿಗಿಲ್. ಕಾಸಿಯಾನ್ ಸ್ಕೀ ಅಟ್ಟದಲ್ಲಿದೆ, ನಂದೂ ಅದರ ಪಕ್ಕಕ್ಕೆ ಹೋಗತ್ತೆ. ಆಮೇಲೆ ಚಳಿಗಾಲ ಪೂರ್ತಿ ಕಿಟಕಿ ಹತ್ರ ಕೂತ್ಕೊಂಡು ಯಾರ್ಯಾರು ಹೋದ್ರು ಅಂತ ನೋಡೋದು."

"ಹಾಗಾದ್ರೆ ಎಡಗಡೆ ನಿಲ್ಲು."

"ಅದು ಅವನ ಜಾಗ."

"ಅದಕ್ಕೇ ಹೇಳಿದ್ದು. ಕಂಬದ ಹತ್ರ ಹಾದಿ ಬಲಕ್ಕೆ ವಾಲಿದೆ. ಬಲಗಡೆ ಒಬ್ಬರೇ ನಿಂತ್ರೆ ಪಟ್ಟಿಯಿಂದ ಜಾರಿ ಹೊರಗೆ. ಎಡಗಡೆ ನಿಂತ್ರೆ ನಡುವಿನ ಕೋಲು ತಡೆಯತ್ತೆ. ಇಷ್ಟು ವರ್ಷ ನೀನು ಬೀಳದೇ ಇದ್ದಿದ್ದು ಅವನು ನಿನ್ನ ಕೋಟು ಹಿಡ್ಕೊಂಡಿರ್ತಿದ್ದ ಅಂತ."

ಬುರ್ಗಿ ಕೋಟಿನ ಅಂಚು ಮುಟ್ಟಿ ನೋಡಿಕೊಂಡಳು. "ನಾನು ಪ್ರೀತಿಗೆ ಹಿಡ್ಕೋತಾನೆ ಅಂದ್ಕೊಂಡಿದ್ದೆ."

"ಪ್ರೀತಿಗೂ ಇರಬಹುದು. ಅವನೇನು ನನ್ನ ಹತ್ರ ಹೇಳ್ಕೊಂಡು ಮಾಡ್ತಿದ್ನಾ?"

ಎಡಗಡೆ ನಿಂತಳು. ಲಂಗರನ್ನು ಆದಷ್ಟು ನಿಧಾನ ಮಾಡಿದೆ. ಮೊದಲ ಕಂಬದ ಹತ್ತಿರ ಅಲುಗಾಡಿದಳು, ಕೋಲನ್ನು ಅಪ್ಪಿ ಹಿಡಿದಳು, ದಾಟಿದಳು. ಪಟ್ಟಿಯ ಬಲ ಅರ್ಧ ಗಾಳಿಯಲ್ಲಿ ಖಾಲಿಯಾಗಿ ಹೋಗುತ್ತಿತ್ತು. ಕಾಡಿನ ಅಂಚಿನಲ್ಲಿ ಅವಳು ಮರೆಯಾದಳು.

ಲಿಫ್ಟಿನ ಬುಡದ ನನ್ನ ಪುಟ್ಟ ಗೂಡಿನಿಂದ ಇಳಿಜಾರುಗಳ ಕೊನೆ ಮಾತ್ರ ಕಾಣುವುದು. ಕಪ್ಪು ದಾರಿಯ ಕಡೆಗೇ ಕಣ್ಣಿಟ್ಟು ಕೂತೆ. ಚಹಾ ಆರಿತು. ಕಪ್ಪು ದಾರಿಯಲ್ಲಿ ಯಾರೂ ಬರಲಿಲ್ಲ. ಸೆರಾಫಿನ್‌ನನ್ನು ಕರೆಯಲು ಫೋನಿಗೆ ಕೈ ಹಾಕಿದ್ದೆ, ಆಗ ಹಸುದಾರಿಯ ತಿರುವಿನಲ್ಲಿ ಅವಳ ಹಸಿರು ಟೋಪಿ ಕಂಡಿತು. ಮೆಲ್ಲಗೆ, ಅಗಲಗಲವಾಗಿ ತಿರುಗಿಕೊಂಡು ಬಂದು ನನ್ನ ಮುಂದೆ ನಿಂತಳು.

"ಗಂಟೆ ಕಟ್ತಾರೆ ಕಣೇ ನಿಂಗೆ," ಅಂದೆ.

"ಕಟ್ಟಲಿ. ನಂಗೆ ಆ ಕಪ್ಪು ದಾರಿ ಯಾವತ್ತೂ ಹಿಡಿಸಿದ್ದಿಲ್ಲ, ವಿಗಿಲ್. ಅವನಿಗೆ ಅದೇ ಬೇಕಿತ್ತಲ್ಲ, ಅದಕ್ಕೆ ಬಾಯಿ ಬಿಡಲಿಲ್ಲ."

ನನ್ನ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಊರಿಗೇ ಗೊತ್ತು. ಆದರೂ ಅವತ್ತು ಕೈಗವಸು ಕಳಚಿ, ಮತ್ತೆ ಹಾಕಿಕೊಂಡು, ಆಮೇಲೆ ಹೇಳಿದೆ.

"ಹೋದ ವರ್ಷ ಕಾಸಿಯಾನ್ ಇಲ್ಲೇ ಕೂತು ಮಂಡಿ ಉಜ್ಜಿಕೊಳ್ತಾ ಇದ್ದ. 'ಹಸುದಾರಿಲಿ ಹೋಗೋ ಮಾರಾಯ' ಅಂದೆ. 'ನಂಗೇನೋ ಅದೇ ಆಸೆ, ಆದ್ರೆ ಬುರ್ಗಿಗೆ ಕಪ್ಪು ದಾರಿ ಅಂದ್ರೆ ಪ್ರಾಣ, ಅವಳ ಸಂತೋಷ ಯಾಕೆ ಹಾಳು ಮಾಡ್ಲಿ' ಅಂದ."

ಬುರ್ಗಿ ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ಗೂಡಿನ ಬೆಂಚಿನ ಮೇಲೆ ಕೂತಳು. ಲಂಗರುಗಳು ಒಂದರ ಹಿಂದೊಂದು ಖಾಲಿ ಹತ್ತಿ, ಖಾಲಿ ಇಳಿಯುತ್ತಿದ್ದವು.

"ಹಸುದಾರಿಯಿಂದ ನಮ್ಮನೆ ಕಾಣತ್ತೆ, ಗೊತ್ತಾ?" ಅಂದಳು ಕೊನೆಗೆ. "ಕಪ್ಪು ದಾರಿಲಿ ನಂಗೆ ಕಾಣ್ತಿದ್ದಿದ್ದು ಅವನ ಬೆನ್ನು ಒಂದೇ. ಬೆಳಿಗ್ಗೆ ಒಲೆ ಹಚ್ಚಿ ಬಂದಿದ್ದೆ, ಹೊಗೆ ಇನ್ನೂ ಬರ್ತಾ ಇತ್ತು. ಒಳಗೆ ಯಾರೋ ಇದ್ದಾರೆ ಅನ್ನೋ ಹಾಗೆ ಕಾಣ್ತಿತ್ತು. ಅದನ್ನೇ ನೋಡ್ತಾ ನಿಂತ್ಬಿಟ್ಟೆ."

ನಾನು ಫ್ಲಾಸ್ಕಿನಿಂದ ಬಿಸಿ ಚಹಾ ಬಗ್ಗಿಸಿಕೊಟ್ಟೆ. ಕುಡಿಯಲಿಲ್ಲ, ಲೋಟ ಹಿಡಿದು ಕೈ ಬೆಚ್ಚಗೆ ಮಾಡಿಕೊಂಡಳು ಅಷ್ಟೇ. ಆಮೇಲೆ ಎದ್ದು ಸ್ಕೀ ಕಟ್ಟಿಕೊಂಡಳು.

"ಪಟ್ಟಿ ಕೊಡು. ಹೊಗೆ ನಿಲ್ಲೋದ್ರೊಳಗೆ ಇನ್ನೊಂದು ಸಲ ಹೋಗಿ ಬರ್ತೀನಿ."

ನಾನು ಹೇಳುವ ಮೊದಲೇ ಎಡಗಡೆ ನಿಂತಳು. ಕೊಟ್ಟೆ. ಈ ಸಲ ಕೋಲನ್ನು ಅಪ್ಪಲಿಲ್ಲ. ಬಲಗೈ ಚಾಚಿ, ಪಟ್ಟಿಯ ಖಾಲಿ ಅರ್ಧ ಅಲುಗಾಡದ ಹಾಗೆ ಹಿಡಿದುಕೊಂಡೇ ಮೊದಲ ಕಂಬ ದಾಟಿದಳು.