ವೆಂಡೆಲಿನ್ ಅಳೆಯದೆ ಬಿಟ್ಟ ರೆಕ್ಕೆ

ನಡೆಯುವಾಗಲೂ ವೆಂಡೆಲಿನ್ ಕ್ರಾತಿನಾನ ಎಡಭುಜ ತುಸು ಕೆಳಗೆ, ದೃಷ್ಟಿ ಆಕಾಶದಲ್ಲಿ. ನಲವತ್ತು ವರ್ಷ ರೇಡಿಯೋ ನಿಯಂತ್ರಿತ ಪುಟ್ಟ ವಿಮಾನಗಳನ್ನು ಹಾರಿಸಿದವನ ದೇಹ ನೆಲದ ಮೇಲೂ ತಿರುವು ತೆಗೆದುಕೊಳ್ಳುತ್ತಿತ್ತು. ಬೇಸಿಗೆಯಲ್ಲೂ ಬಿಚ್ಚದ ಕಂದು ಚರ್ಮದ ಕೋಟು, ಅದರ ಜೇಬಿನಲ್ಲೊಂದು ಉಕ್ಕಿನ ಅಳತೆಪಟ್ಟಿ. ಭಾನುವಾರ ಮೊರಾವಿಯಾದ ಬೀಟ್ ಹೊಲಗಳಾಚೆಯ ಮೈದಾನಕ್ಕೆ ಅವನು ಬಂದನೆಂದರೆ ಕಂಡವರ ರೆಕ್ಕೆಗಳಿಗೆಲ್ಲ ಗ್ರಹಚಾರ ಕಾದಿರುತ್ತಿತ್ತು.

ಬೆನ್ನ ಮೇಲೆ ರೆಕ್ಕೆ ಹೊತ್ತು, ಅದರ ತುದಿಗಳನ್ನು ಮೇಲಕ್ಕೆತ್ತಿಕೊಂಡ ವಿಮಾನಗಳನ್ನು ಕಂಡರೆ ಅವನಿಗೆ ಮೈಯುರಿ. ಕೈಬಿಟ್ಟರೂ ತಾವೇ ನೆಟ್ಟಗಾಗುವ ಆ ಸಾಧುಪ್ರಾಣಿಗಳಿಗೆ ಅವನಿಟ್ಟ ಹೆಸರು ‘ತೊಟ್ಟಿಲು’. ಅವನದು ಹೊಟ್ಟೆಯಡಿಗೆ ಕೂಡಿಸಿದ, ಒಂದು ಕೂದಲೆಳೆಯೂ ಬಾಗದ ರೆಕ್ಕೆ; ಓರೆಯಾದರೆ ಓರೆಯಾಗಿಯೇ ಉಳಿಯುವುದು, ಹಾರಿಸುವವನೇ ನೆಟ್ಟಗೆ ಮಾಡಬೇಕು. “ಹಾರ್ಸೋದು ನಾನೋ, ಅದೇ ಹಾರ್ಕೊಳ್ಳುತ್ತೋ? ಅಷ್ಟೇ ಕಥೆ!” ಎನ್ನುವನು.

ಆ ರೆಕ್ಕೆಗಳಿಗೆ, ಬಿಸಿ ತಾಗಿದರೆ ಅಂಟಿಕೊಳ್ಳುವ ಬಣ್ಣದ ಹಾಳೆಯನ್ನು ಇಸ್ತ್ರಿಪೆಟ್ಟಿಗೆಯಿಂದ ಅಂಟಿಸುತ್ತಿದ್ದವಳು ಹೆಂಡತಿ ಬ್ಲಾಝೆನಾ. ಎಲ್ಲರದನ್ನೂ ಅಳೆಯುವವನು ಅವಳ ಕೈಕೆಲಸಕ್ಕೆ ಮಾತ್ರ ಎಂದೂ ಪಟ್ಟಿ ಹಿಡಿದವನಲ್ಲ.

ಅರವತ್ತೆಂಟನೇ ವಯಸ್ಸಿಗೆ ಅವನ ಬೆರಳುಗಳು ನಡುಗತೊಡಗಿದವು. ಒಂದೇ ವಸಂತದಲ್ಲಿ ಮೂರು ವಿಮಾನಗಳು ನೆಲಕ್ಕೆ ಬಡಿದವು. ಮೈದಾನದಲ್ಲಿ ಯಾರೂ ನಗಲಿಲ್ಲ. ಅದೇ ಅವನನ್ನು ಹೆಚ್ಚು ಸುಟ್ಟಿತು. “ಇನ್ನೊಂದು ಬಿದ್ರೆ ಈ ಕಡೆ ತಲೆ ಹಾಕಲ್ಲ,” ಎಂದ. ಮೈದಾನ ಬಿಟ್ಟ ಮೇಲೆ ಈತ ಬದುಕುವುದಾದರೂ ಯಾತಕ್ಕೆ ಎಂದು ಬ್ಲಾಝೆನಾಗೆ ದಿಗಿಲಾಯಿತು. ಮುರಿದ ರೆಕ್ಕೆಯನ್ನು ಜೋಡಿಸುವಾಗ ನಡುವಿನ ಸಂದನ್ನು ಅವನಿಗೆ ಹೇಳದೆ ಉಪ್ಪುಕಾಗದದಿಂದ ಕೊಂಚ ಓರೆಯಾಗಿ ಉಜ್ಜಿದಳು; ತುದಿಗಳು ಬೆರಳಗಲ ಮೇಲೆದ್ದವು.

ಮುಂದಿನ ಭಾನುವಾರ ವಿಮಾನ ಅವನ ನಡುಕವನ್ನು ಲೆಕ್ಕಕ್ಕೇ ಇಡಲಿಲ್ಲ. ಚಪ್ಪಾಳೆ ಬಿತ್ತು. ಜತೆಗೆ ಬಂದಿದ್ದ ಬ್ಲಾಝೆನಾಳ ಕಣ್ಣು ತುಂಬಿತು. ಹಿಗ್ಗಿದ ಆಸಾಮಿ ವಿಮಾನವನ್ನು ಓರೆಮಾಡಿ ಕೈಬಿಟ್ಟ. ಅದು ತಾನೇ ನೆಟ್ಟಗಾಯಿತು. ಅವನ ಮುಖ ಕಪ್ಪಿಟ್ಟಿತು. ಇಳಿಸಿದವನೇ ಪಟ್ಟಿ ತೆಗೆದು ರೆಕ್ಕೆಯಡಿ ಹಿಡಿದ.

“ಯಾರ ಕೆಲಸ ಇದು?”

“ನಂದೇ ಕಣೋ. ಬೀಳಬಾರ್ದು ಅಂತ...”

“ನಿಂದೊಂದನ್ನೇ ನಾನು ಅಳೆದಿರಲಿಲ್ಲ, ಬ್ಲಾಝೆನಾ.”

ಅಂದಿನಿಂದ ಅವನು ವಿಮಾನ ಮುಟ್ಟಿಲ್ಲ, ಪಟ್ಟಿಯನ್ನು ಮಾತ್ರ ಬಿಟ್ಟಿಲ್ಲ. ಅವಳು ಇಸ್ತ್ರಿ ಮಾಡಿದ ಅಂಗಿಯ ಕಾಲರಿಗೆ, ಕೊಯ್ದ ರೊಟ್ಟಿಯ ತುಂಡಿಗೆ, ಕಿಟಕಿಯ ಪರದೆಗೆ ಪಟ್ಟಿ ಹಿಡಿಯುತ್ತಾನೆ. ಅವಳು ಪಕ್ಕದಲ್ಲಿ ನಿಂತು ನೋಡುತ್ತಾಳೆ. ಸ್ವಾಭಿಮಾನವನ್ನೇ ಬೆನ್ನೆಲುಬು ಮಾಡಿಕೊಂಡ ಈ ಜಾತಿಯ ಜನ ತಮ್ಮನ್ನು ಬೀಳಿಸಿದವರನ್ನು ಎಂದಾದರೊಮ್ಮೆ ಕ್ಷಮಿಸಿಯಾರು. ಬೀಳದಂತೆ ಹಿಡಿದವರನ್ನು ಸಾಯುವವರೆಗೂ ಕ್ಷಮಿಸುವುದಿಲ್ಲ.