ನಿಪ್ಪಾಣಿಯ ಯುದ್ಧವಿರೋಧಿ ಸಭೆ

ನಿಪ್ಪಾಣಿ ಹತ್ತಿರದ ಬೇಡಕಿಹಾಳದ ಅಕ್ಕುತಾಯಿಯ ಗಂಡ ದಾದಾಸಾಹೇಬ ಕುವೈತಿನಲ್ಲಿ ಒಬ್ಬ ಸಾಹುಕಾರನ ಮನೆಯ ಡ್ರೈವರ್. ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಅಲ್ಲಿಗೆ ನುಗ್ಗಿದ ಮೇಲೆ ಅವನ ಪತ್ರಗಳು ನಿಂತವು. ಅಲ್ಲಿ ದುಡಿಯುತ್ತಿದ್ದ ಸುತ್ತಲಿನ ಊರವರು ವಿಮಾನ ಹತ್ತಿ ಮರಳಿದರು, ಇವನು ಬರಲಿಲ್ಲ. ದಿಲ್ಲಿಗೆ ಒಂದು ಅರ್ಜಿ ಕಳಿಸಿಕೊಡಿ ಎಂದು ಅಕ್ಕುತಾಯಿ ಪುಢಾರಿ ಭಾವುಸಾಹೇಬರ ಮನೆಗೆ ಮೂರು ಸಲ ಹೋದಳು.

"ಅದು ಪರದೇಶದ ಉಸಾಬರಿ, ತಂಗಿ. ನಮ್ಮ ಕೈಯಾಗ ಏನೈತಿ?" ಎಂದು ಮೂರು ಸಲವೂ ಸಾಗಹಾಕಿದರು.

ಜನವರಿಯಲ್ಲಿ ಅಮೆರಿಕ ಯುದ್ಧಕ್ಕಿಳಿಯಿತು. ಅದರ ವಿಮಾನಗಳು ಮುಂಬಯಿಯಲ್ಲಿ ಇಂಧನ ತುಂಬಿಸಿಕೊಳ್ಳುತ್ತಿವೆ ಎಂದು ಪೇಪರಿನಲ್ಲಿ ಬಂತು. ಅದಕ್ಕೆ ಒಪ್ಪಿದ ದಿಲ್ಲಿ ಸರಕಾರ ಭಾವುಸಾಹೇಬರ ಎದುರು ಪಕ್ಷದ್ದು. ಚುನಾವಣೆಯ ಮಾತೂ ಎದ್ದಿತ್ತು. ಅದೇ ವಾರ ಭಾವುಸಾಹೇಬರ ಜೀಪು ಅಕ್ಕುತಾಯಿಯ ಮನೆಮುಂದೆ ನಿಂತಿತು.

"ನಿಪ್ಪಾಣ್ಯಾಗ ಯುದ್ಧದ ವಿರುದ್ಧ ಸಭಾ ಇಟ್ಟೇವಿ. ನೀ ಬಂದು ನಾಕ್ ಮಾತ ಆಡಬೇಕವ್ವ."

"ಅರ್ಜಿ ಕಳಸ್ತೀರೇನ್ರಿ?"

"ಇವತ್ತ ಕಳಸ್ತೇನಿ."

ಕಳಿಸಿದರು ಕೂಡ. ಆ ಋಣಕ್ಕೆ ಅವಳು ಹೋದಳು. ಮೈಕಿನ ಮುಂದೆ ನಿಂತಾಗ ಹೇಳಿಕೊಟ್ಟದ್ದೆಲ್ಲ ಮರೆತುಹೋಯಿತು.

"ಇರಾಕಿನವ್ರು ಹೊಕ್ಕಾಗ ಸಾಹೇಬ್ರು ಪರದೇಶದ ಮಾತು ಅಂದಿದ್ರು. ವಿಮಾನಕ್ಕ ಎಣ್ಣಿ ಹಾಕಿದ ಮ್ಯಾಲ ನಮ್ಮ ಮನಿಗೇ ಬಂದ್ರು. ಅವರ ಉಪಕಾರ ದೊಡ್ಡದ್ರಿ."

ಅವಳು ಮನಸಾರೆ ಹೇಳಿದ್ದಳು. ಜನ ಯಾಕೆ ನಕ್ಕರೆಂದು ತಿಳಿಯಲಿಲ್ಲ. ಭಾವುಸಾಹೇಬರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಏಪ್ರಿಲಿನಲ್ಲಿ ದಾದಾಸಾಹೇಬನ ಪತ್ರ ಬಂತು. ಸುದ್ದಿ ತಿಳಿದು ಭಾವುಸಾಹೇಬರೂ ಬಂದರು.

"ಸಾಹೇಬ್ರ ಹೋರಾಟದಿಂದ ನನ್ನ ಗಂಡ ಉಳದಾನ ಅಂತ ಚುನಾವಣಿ ಪ್ರಚಾರದಾಗ ನೀ ಹೇಳಬೇಕ ನೋಡವ್ವ."

ಅವಳು ಪತ್ರವನ್ನೇ ಕೈಗಿತ್ತಳು. ಪಾಸ್‌ಪೋರ್ಟ್ ಮಾಲೀಕನ ಬಳಿಯೇ ಉಳಿದದ್ದರಿಂದ ವಿಮಾನ ಹತ್ತಲಾಗದೆ, ದಾದಾಸಾಹೇಬ ತಿಂಗಳುಗಟ್ಟಲೆ ಒಂದು ಗೋದಾಮಿನಲ್ಲಿ ಅಡಗಿದ್ದನಂತೆ. ಅಮೆರಿಕದ ಸೈನಿಕರೇ ಬಾಗಿಲು ತೆಗೆದು ನೀರು, ಬ್ರೆಡ್ಡು ಕೊಟ್ಟರಂತೆ. 'ಯುದ್ಧ ಆಗದಿದ್ದರೆ ನಾನು ಉಳಿಯುತ್ತಿರಲಿಲ್ಲ' ಎಂದು ಬರೆದಿದ್ದ.

"ಇದನ್ನ ಓದಿ ಹೇಳ್ಲೇನ್ರಿ?" ಎಂದು ಅಕ್ಕುತಾಯಿ ಕೇಳಿದಳು.

ಭಾವುಸಾಹೇಬರು ಪತ್ರವನ್ನು ಮಡಚಿ ಹಿಂದಕ್ಕೆ ಕೊಟ್ಟರು. "ಬ್ಯಾಡ ಬಿಡು. ಈ ಸಲ ಕುಡಿಯೋ ನೀರಿನ ಮ್ಯಾಲ ಮಾತಾಡ್ತೇವಿ."

ಜೂನ್ ಕೊನೆಗೆ ದಾದಾಸಾಹೇಬ ಊರಿಗೆ ಬಂದ. ಅಷ್ಟರಲ್ಲಿ ಮತದಾನ ಮುಗಿದಿತ್ತು. ನಿಪ್ಪಾಣಿಯ ಬಸ್‌ಸ್ಟ್ಯಾಂಡಿನಲ್ಲಿ ಅವನಿಗಾಗಿ ಕಾದಿದ್ದವರು ಅಕ್ಕುತಾಯಿ, ಅತ್ತೆ ಮಲಕವ್ವ, ಇಬ್ಬರೇ.